ತ್ಸಾನೀನ್‌ನ ನಮ್ಮ ಹಣ್ಣಿನ ತೋಟಕ್ಕೆ ಜನ ಬರಲು ಶುರುವಾದದ್ದು ಹೀಗೆ

ನಮ್ಮ ತೋಟಕ್ಕೆ ಉಳಿಯಲು ಬಂದವರಿಗೆ ನಾವು ಕೊಡುವ ಮೊದಲ ಕೆಲಸ ಬೆಣ್ಣೆಹಣ್ಣು ತುರಿಯುವುದು. ಇನ್ನೂ ಕಲ್ಲಿನ ಹಾಗೆ ಗಟ್ಟಿ ಇರುವ ಕಾಯಿ. ಸಿಪ್ಪೆ ಹೆರೆದು, ಬೀಜ ತೆಗೆದು, ಕ್ಯಾರೆಟ್ ತುರಿದ ಹಾಗೆ ತುರಿಯಬೇಕು. ಅದನ್ನು ತೂಕ ಮಾಡಿ, ಮೈಕ್ರೋವೇವ್‌ನಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಕ ಮಾಡುತ್ತೇವೆ. ಕಡಿಮೆಯಾದದ್ದೆಲ್ಲ ನೀರು. ಹಾಸ್ ತಳಿಯಾದರೆ ನೀರಿನ ಅಂಶ ಶೇಕಡಾ 77ಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಆ ಸಾಲಿಗೆ ಇನ್ನೂ ಕತ್ತರಿ ಹಾಕುವ ಹಾಗಿಲ್ಲ. ಬೆಣ್ಣೆಹಣ್ಣು ಮರದ ಮೇಲೆ ಹಣ್ಣಾಗುವುದಿಲ್ಲ, ಕಿತ್ತ ಮೇಲೆಯೇ ಮೆತ್ತಗಾಗುವುದು. ಹಾಗಾಗಿ ಹೊರಗಿನಿಂದ ನೋಡಿ ಬಲಿತಿದೆಯಾ ಇಲ್ಲವಾ ಅಂತ ಹೇಳುವುದು ಹಳಬರಿಗೂ ಕಷ್ಟ. ಬಲಿಯದ್ದನ್ನು ಕಿತ್ತರೆ ಅದು ಮೆತ್ತಗಾಗದೆ ರಬ್ಬರಿನ ಹಾಗೆ ಸುಕ್ಕಾಗುತ್ತದೆ.

ಮಕ್ಕಳು ತಕ್ಕಡಿಯ ಸುತ್ತ ನಿಂತು ಲೆಕ್ಕ ಹಾಕುವಾಗ ದೊಡ್ಡವರೂ ಫೋನು ಜೇಬಿಗೆ ಹಾಕಿ ಹತ್ತಿರ ಬರುತ್ತಾರೆ. ನಾಳೆ ಈ ಸಾಲು ಕೊಯ್ಯಬೇಕಾ ಬೇಡವಾ ಅನ್ನುವುದು ನಿಜವಾಗಲೂ ಅವರ ಕೈಯ ತೂಕದ ಮೇಲೆ ನಿಂತಿರುತ್ತದೆ. ಅವರಿಗಾಗಿ ಮಾಡುವ ಆಟ ಅಲ್ಲ ಅದು. ನಾವು ಹೇಗಿದ್ದರೂ ಮಾಡಲೇಬೇಕಾದ ಕೆಲಸ. ಇಷ್ಟು ಅರ್ಥವಾಗಲು ನಮಗೆ ಐದು ವರ್ಷವೂ, ಬ್ಯಾಂಕಿನ ಒಂದು ದೊಡ್ಡ ಸಾಲವೂ ಬೇಕಾಯಿತು. ಊರಿನಲ್ಲಿ ನನ್ನ ತಮ್ಮನೂ ಅವನ ಗೆಳೆಯರೂ ತೋಟದಲ್ಲಿ ಹೋಂಸ್ಟೇ ಮಾಡಬೇಕು, ನೀವು ಅಲ್ಲಿ ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ನಾವಿರುವುದು ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ. ಮೊಪಾನಿ ಜಿಲ್ಲೆ, ತ್ಸಾನೀನ್ ಊರಿನ ಹೊರವಲಯ. ಜೊಹಾನೆಸ್‌ಬರ್ಗ್‌ನಿಂದ ಸುಮಾರು 400 ಕಿಲೋಮೀಟರ್. ಪೊಲೊಕ್ವಾನೆ ದಾಟಿ ಆರ್71 ರಸ್ತೆ ಹಿಡಿದು ಬಂದರೆ ಒಣ ಬಯಲು ಮುಗಿಯುತ್ತದೆ, ಹೇನರ್ಟ್ಸ್‌ಬರ್ಗ್ ಅನ್ನುವ ಪುಟ್ಟ ಊರು ಸಿಗುತ್ತದೆ, ಅಲ್ಲಿಂದ ಮುಂದೆ ಮಖೂಬಾಸ್‌ಕ್ಲೂಫ್ ಘಟ್ಟ. ಮೇಲೆ ಮಂಜು, ಪೈನ್ ಮರ, ಜಿಟಿಜಿಟಿ ಮಳೆ. ತಿರುವು ತಿರುವು ಇಳಿದು ಕೆಳಗೆ ಬಂದರೆ ಬಾಳೆ, ಮಾವು, ಲಿಚಿ, ಬೆಣ್ಣೆಹಣ್ಣು, ಮತ್ತೆ ಮಕಡಾಮಿಯಾ ಅನ್ನುವ ಗಟ್ಟಿ ಚಿಪ್ಪಿನ ಬೀಜದ ಮರ. ನಾನು ಮೂಡಿಗೆರೆ ಕಡೆಯವಳು. 2009ರಲ್ಲಿ ಮದುವೆಯಾಗಿ ಮೊದಲ ಸಲ ಈ ಘಟ್ಟ ಇಳಿದಾಗ ಚಾರ್ಮಾಡಿ ಇಳಿದ ಹಾಗೇ ಅನಿಸಿ ಕಣ್ಣಲ್ಲಿ ನೀರು ಬಂದಿತ್ತು. ನಮ್ಮ ತವರಿನ ಕಾಫಿ ತೋಟದಲ್ಲೂ ಎರಡು ಬೆಣ್ಣೆಹಣ್ಣಿನ ಮರ ಇದ್ದವು. ಹಣ್ಣನ್ನು ಹಂಚಿದರೂ ತೆಗೆದುಕೊಳ್ಳುವವರು ಇರಲಿಲ್ಲ. ಇಲ್ಲಿ ಅದೇ ಮರ ಗುಡ್ಡದ ತುಂಬ ಸಾಲು ಸಾಲಾಗಿ.

ಮಾವನವರ ಮನೆತನ ಗುಜರಾತಿನಿಂದ ಬಂದದ್ದು, ಮೂರು ತಲೆಮಾರಿನ ಹಿಂದೆ. ಊರಲ್ಲಿ ಬಟ್ಟೆ ಅಂಗಡಿ ಇತ್ತು. ಜಮೀನು ಮಾಡಬೇಕು ಅನ್ನುವ ಆಸೆ ಮಾವನವರಿಗೆ ಚಿಕ್ಕಂದಿನಿಂದ ಇತ್ತಂತೆ, ಆದರೆ ಕಾನೂನು ಬಿಡುತ್ತಿರಲಿಲ್ಲ. ಈ ಪ್ರದೇಶ ಆಗ ಸೇರಿದ್ದ ಟ್ರಾನ್ಸ್‌ವಾಲ್‌ನಲ್ಲಿ 1885ರ ಕಾಯಿದೆಯಿಂದ ಹಿಡಿದು ಭಾರತೀಯರು ಭೂಮಿ ಕೊಳ್ಳದ ಹಾಗೆ ಒಂದರ ಮೇಲೊಂದು ತಡೆ. ಜನಾಂಗ ನೋಡಿ ಜಮೀನು ಕೊಡುವ ಕಾನೂನುಗಳು ಬಿದ್ದುಹೋದದ್ದು 1991ರಲ್ಲಿ. ಮಾವನವರು ಈ 26 ಹೆಕ್ಟೇರ್ ತೆಗೆದುಕೊಂಡದ್ದು 1997ರಲ್ಲಿ, ಆಗಲೇ ಅವರಿಗೆ ಐವತ್ತು ದಾಟಿತ್ತು. ಈ ಮಾತು ಯಾಕೆ ಹೇಳಿದೆ ಅಂದರೆ, ತೋಟ ಅವರಿಗೆ ಬರೀ ವ್ಯಾಪಾರ ಅಲ್ಲ. ಕೋಣೆ ಕಟ್ಟಿಸಲು ಮೂವತ್ತು ಮರ ಕಡಿಯಬೇಕು ಅಂದ ದಿನ ಅವರು ರಾತ್ರಿ ಊಟ ಮಾಡಲಿಲ್ಲ.

ಶುರುವಾದದ್ದು ಒಂದು ಮೇಜಿನಿಂದ. ಬೆಣ್ಣೆಹಣ್ಣಿನಲ್ಲಿ ಪ್ಯಾಕ್‌ಹೌಸ್‌ನವರು, ಅಂದರೆ ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವವರು, ಚರ್ಮ ನೋಡಿ ದರ್ಜೆ ಮಾಡುತ್ತಾರೆ. ಗಾಳಿಗೆ ಕೊಂಬೆ ಉಜ್ಜಿ ಗೀರು ಬಿದ್ದರೆ, ಗಾತ್ರ ಸಣ್ಣದಾದರೆ, ಹಣ್ಣು ಎಷ್ಟೇ ಚೆನ್ನಾಗಿದ್ದರೂ ಎಣ್ಣೆ ತೆಗೆಯುವವರಿಗೆ ಹೋಗುತ್ತದೆ, ಬಿಡಿಗಾಸಿಗೆ. 2011ರಲ್ಲಿ ನಾನು ಮತ್ತು ಅತ್ತೆ ರಸ್ತೆ ಬದಿಯಲ್ಲಿ ಒಂದು ಮೇಜು ಹಾಕಿ ಆ ಹಣ್ಣು ಮಾರಲು ಕುಳಿತೆವು. ಇಲ್ಲಿ ಅಂಥ ಅಂಗಡಿಗೆ ಪಾಡ್‌ಸ್ಟಾಲ್ ಅಂತಾರೆ. ಕ್ರೂಗರ್ ಅಭಯಾರಣ್ಯದ ಪಲಾಬೋರ್ವಾ ಗೇಟಿಗೆ ಹೋಗುವ ಕಾರುಗಳೆಲ್ಲ ಇದೇ ದಾರಿಯಲ್ಲಿ ಹೋಗುತ್ತವೆ. ಜನ ನಿಲ್ಲಿಸಿದರು. ಹಣ್ಣಿನ ಜೊತೆ ಅತ್ತೆ ಮಾಡಿದ ಮಾವಿನಕಾಯಿ ಉಪ್ಪಿನಕಾಯಿಯ ಬಾಟಲಿಯನ್ನೂ ಇಟ್ಟೆವು. ಅದು ಹಣ್ಣಿಗಿಂತ ಮೊದಲು ಖಾಲಿಯಾಗುತ್ತಿತ್ತು.

ಉಪ್ಪಿನಕಾಯಿ ಬಗ್ಗೆ ಒಂದು ಮಾತು. ಇಲ್ಲಿ ಅದರ ಹೆಸರು ಅಚಾರ್, ಭಾರತದಿಂದ ಬಂದವರು ತಂದದ್ದು. ಆದರೆ ಈಗ ಅದು ಭಾರತೀಯರ ಊಟ ಅಷ್ಟೇ ಅಲ್ಲ. ಲಿಂಪೊಪೊದ ಯಾವ ಹಳ್ಳಿಗೆ ಹೋದರೂ ಪಾಪ್, ಅಂದರೆ ಬಿಳಿ ಮುಸುಕಿನ ಜೋಳದ ಮುದ್ದೆಯ ಜೊತೆ, ಎಣ್ಣೆಯಲ್ಲಿ ಕರಿದ ಬನ್ನಿನ ಜೊತೆ ಅಚಾರ್ ಇರುತ್ತದೆ. ಈ ಜಿಲ್ಲೆಯಲ್ಲಿ ಅಚಾರ್‌ಗೆ ಅಂತಲೇ ಹಸಿ ಮಾವಿನಕಾಯಿ ಕೀಳುವವರಿದ್ದಾರೆ. ನಮ್ಮ ಕೆಲಸದ ಹೆಂಗಸರು ಅತ್ತೆಯ ಅಚಾರ್ ರುಚಿ ನೋಡಿ ಎಣ್ಣೆ ಜಾಸ್ತಿ ಹಾಕಿ, ಸಾಸಿವೆ ಕಡಿಮೆ ಮಾಡಿ ಅಂತ ಹೇಳಿದರು. ಅತ್ತೆ ಕೇಳಿದರು. ಅಂದಿನಿಂದ ಎರಡು ಬಗೆ ಮಾಡುತ್ತೇವೆ, ಮನೆಯದ್ದು ಒಂದು, ಊರಿನದ್ದು ಒಂದು. ಅಂಗಡಿ ದೊಡ್ಡದಾದ ಮೇಲೆ ಅಡುಗೆ ಮನೆಗೆ ಪರವಾನಗಿ ಪತ್ರ ಬೇಕಾಯಿತು. ನೆಲಕ್ಕೆ ಟೈಲ್ಸ್, ಕೈ ತೊಳೆಯಲು ಬೇರೆ ಸಿಂಕ್, ಕಿಟಕಿಗೆ ಜಾಲರಿ. ಅದಕ್ಕೆ ಖರ್ಚಾದ ದುಡ್ಡು ಒಂದೇ ವರ್ಷದಲ್ಲಿ ಬಂತು.

ಮುಂದಿನದ್ದೇ ನಾವು ತಪ್ಪಿದ್ದು. ಅಂಗಡಿಗೆ ಬಂದವರು ಇಲ್ಲಿ ಉಳಿಯಲು ಜಾಗ ಇದೆಯಾ ಅಂತ ಕೇಳುತ್ತಿದ್ದರು. ಸಲಹೆ ಕೊಡುವವರೊಬ್ಬರನ್ನು ಕರೆಸಿದೆವು. ಅವರು ಹೇಳಿದ ಹಾಗೇ ನಾಲ್ಕು ಕೋಣೆ, ಪ್ರತಿಯೊಂದಕ್ಕೂ ಎಸಿ, ದೊಡ್ಡ ಟಿವಿ, ನಡುವೆ ಈಜುಕೊಳ. ಹೊರಗಿನಿಂದ ತೋಟ ಕಾಣದ ಹಾಗೆ ಗಿಡದ ಬೇಲಿ, ಯಾಕೆಂದರೆ ಟ್ರ್ಯಾಕ್ಟರ್, ಕ್ರೇಟು, ಕೆಲಸದವರು ಕಂಡರೆ ಅತಿಥಿಗಳಿಗೆ ಇಷ್ಟವಾಗುವುದಿಲ್ಲ ಅಂತ. 2014ರಲ್ಲಿ ಬಾಗಿಲು ತೆರೆದೆವು. ಜನ ಬಂದರು, ಆದರೆ ಸಂಜೆ ಆರಕ್ಕೆ ಬಂದು ಬೆಳಗ್ಗೆ ಆರಕ್ಕೆ ಕ್ರೂಗರ್‌ಗೆ ಹೊರಟುಬಿಡುತ್ತಿದ್ದರು. ದಿನಾ ನಾಲ್ಕು ಕೋಣೆಯ ಹಾಸಿಗೆ ಬಟ್ಟೆ ಒಗೆಯಬೇಕು, ದಿನಾ ಹೊಸ ಮುಖ. ಟಿವಿಯೂ ಈಜುಕೊಳವೂ ಎಲ್ಲ ಕಡೆಯೂ ಇರುವಾಗ ನಮ್ಮಲ್ಲೇ ಎರಡು ದಿನ ಯಾಕೆ ಉಳಿಯಬೇಕು? ಅಷ್ಟರಲ್ಲಿ 2015-16ರ ಬರಗಾಲ ಬಂತು. ನೀರಾವರಿಗೆ ಕಡಿತ, ಬೋರ್‌ವೆಲ್ ಇಳಿಯಿತು. ಮರಕ್ಕೆ ನೀರಿಲ್ಲದಾಗ ಈಜುಕೊಳ ತುಂಬಿಸುವುದು ಹೇಗೆ ಅಂತ ಮಾವನವರು ಕೇಳಿದರು, ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಬೇಸಿಗೆ ಈಜುಕೊಳ ಖಾಲಿ ಇತ್ತು.

ದಾರಿ ತೋರಿಸಿದ್ದು ಬುಕಿಂಗ್ ಬರೆಯುವ ನೋಟ್‌ಪುಸ್ತಕ. 2016ರ ಕೊನೆಗೆ ಸಾಲದ ಕಂತು ಕಟ್ಟಲಾಗದೆ, ಎಲ್ಲಿ ಸೋರುತ್ತಿದೆ ನೋಡೋಣ ಅಂತ ಎರಡೂವರೆ ವರ್ಷದ ಪುಟಗಳನ್ನು ತಿರುವಿ ಹಾಕಿದೆ. ಒಂದು ರಾತ್ರಿ ಉಳಿದವರನ್ನು ನೀಲಿ ಪೆನ್ನಿನಲ್ಲಿ, ಎರಡು ಅಥವಾ ಹೆಚ್ಚು ಉಳಿದವರನ್ನು ಕೆಂಪಿನಲ್ಲಿ ಗುರುತು ಮಾಡಿದೆ. ಪುಟಗಟ್ಟಲೆ ನೀಲಿ. ಕೆಂಪು ಎಲ್ಲ ಗುಂಪು ಗುಂಪಾಗಿ ಎರಡೇ ಕಡೆ ಇತ್ತು, ಡಿಸೆಂಬರ್ ಮೊದಲ ವಾರಗಳು, ಮತ್ತೆ ಮೇಯಿಂದ ಜೂನ್. ಡಿಸೆಂಬರ್ ಅಂದರೆ ಲಿಚಿ ಕೊಯ್ಲು. ಮೇ, ಜೂನ್ ಅಂದರೆ ಮಕಡಾಮಿಯಾ ಬಿದ್ದು, ಶೆಡ್‌ನಲ್ಲಿ ರಾತ್ರಿವರೆಗೆ ಸಿಪ್ಪೆ ಬಿಡಿಸುವ ಕಾಲ. ಆ ಎರಡು ಹೊತ್ತಿನಲ್ಲಿ ಕೆಲಸ ಬೇಲಿ ದಾಟಿ ಕೋಣೆಯ ತನಕ ಬಂದಿತ್ತು, ಮುಚ್ಚಿಡಲು ನಮಗೆ ಆಗಿರಲಿಲ್ಲ. ಬಂದವರು ಅದನ್ನು ನೋಡಿ ಉಳಿದಿದ್ದರು. ನಾವು ಗಿಡದ ಬೇಲಿ ಹಾಕಿ ಮರೆಮಾಡಿದ್ದನ್ನೇ ಜನ ನೋಡಲು ಬಯಸುತ್ತಿದ್ದರು.

ಬೇಲಿ ಕಿತ್ತೆವು. ಟಿವಿ ಮಾರಿದೆವು. ಯಾರಾದರೂ ಫೋನ್ ಮಾಡಿದರೆ ಕೋಣೆ ಹೇಗಿದೆ ಅಂತ ಹೇಳುವ ಮೊದಲು, ನೀವು ಬರುವ ವಾರ ತೋಟದಲ್ಲಿ ಏನು ನಡೆಯುತ್ತಿರುತ್ತದೆ ಅಂತ ಹೇಳಲು ಶುರು ಮಾಡಿದೆವು.

ಲಿಚಿಯಿಂದ ಹೇಳುತ್ತೇನೆ, ಅದು ನನಗೆ ತುಂಬ ಇಷ್ಟ. ನಮ್ಮದು ಮಾರಿಷಸ್ ತಳಿ, ಎರಡು ಹೆಕ್ಟೇರ್. ನವೆಂಬರ್ ಕೊನೆಯಿಂದ ಕ್ರಿಸ್‌ಮಸ್ ತನಕ. ಬೆಣ್ಣೆಹಣ್ಣಿಗೆ ಪೂರ್ತಿ ತಿರುಗಿದ ಸ್ವಭಾವ ಇದರದ್ದು. ಮರದಲ್ಲಿ ಎಷ್ಟು ಹಣ್ಣಾಗಿದೆಯೋ ಅಷ್ಟೇ, ಕಿತ್ತ ಮೇಲೆ ಒಂಚೂರೂ ಸಿಹಿ ಏರುವುದಿಲ್ಲ. ಜೊತೆಗೆ ಕೆಂಪು ಸಿಪ್ಪೆ ಎರಡು ಮೂರು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ದೂರದ ಮಾರುಕಟ್ಟೆಗೆ ಕಳಿಸುವವರಿಗೆ ಇದು ದೊಡ್ಡ ತಲೆನೋವು, ಬಣ್ಣ ಉಳಿಸಲು ಗಂಧಕದ ಹೊಗೆ ಕೊಡುತ್ತಾರೆ. ಆದರೆ ಮರದ ಕೆಳಗೇ ನಿಂತು ತಿನ್ನುವವರಿಗೆ ಇದಕ್ಕಿಂತ ಒಳ್ಳೆಯ ಹಣ್ಣು ಯಾವುದಿದೆ ಹೇಳಿ? ಹಾಗಾಗಿ ನಾಲ್ಕು ಸಾಲನ್ನು ಅತಿಥಿಗಳಿಗೇ ಬಿಟ್ಟೆವು. ಬುಟ್ಟಿ, ಕತ್ತರಿ ನಮ್ಮದು, ತೂಕ ಮಾಡಿ ದುಡ್ಡು ಕೊಟ್ಟು ಒಯ್ಯಬೇಕು, ಮರದ ಕೆಳಗೆ ತಿಂದದ್ದಕ್ಕೆ ದುಡ್ಡಿಲ್ಲ. ಮೊದಲ ವರ್ಷ ಜನ ಗೊಂಚಲನ್ನು ಕೈಯಲ್ಲಿ ಎಳೆದು ಕೊಂಬೆಯನ್ನೇ ಸೀಳಿದರು, ಆ ಮರಗಳು ಮರುವರ್ಷ ಸರಿಯಾಗಿ ಬಿಡಲಿಲ್ಲ. ಈಗ ಮೊದಲ ಹತ್ತು ನಿಮಿಷ ಕತ್ತರಿ ಹಿಡಿಯುವುದನ್ನು ಕಲಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಗೊಂಚಲಿಗೆ ಕಾಗದದ ಚೀಲ ಕಟ್ಟಿರುವುದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹಣ್ಣು ಕೊರೆಯುವ ಪತಂಗಕ್ಕೆ ಮತ್ತು ಬಾವಲಿಗೆ ಅಡ್ಡಿ ಅದು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಬಾವಲಿ ನೋಡಲು ಕರೆದುಕೊಂಡು ಹೋದರೆ ಮಕ್ಕಳಿಗೆ ಆನೆ ನೋಡಿದಷ್ಟೇ ಖುಷಿ.

ಡಿಸೆಂಬರ್‌ನಲ್ಲಿ ಕಷ್ಟವೂ ಇದೆ. ಶಾಲೆ ರಜೆ, ಲಿಚಿ ಕೊಯ್ಲು, ಮಳೆ, ಎಲ್ಲ ಒಂದೇ ಹೊತ್ತಿಗೆ ಬರುತ್ತದೆ. ಕೋಣೆಯ ಕೆಲಸಕ್ಕೆ ಇರುವವರನ್ನು ಕೊಯ್ಲಿಗೆ ಕರೆದರೆ ಕೋಣೆ ಕೆಡುತ್ತದೆ, ಕರೆಯದಿದ್ದರೆ ಹಣ್ಣು ಕೆಡುತ್ತದೆ. ಎರಡು ವರ್ಷ ಒದ್ದಾಡಿದ ಮೇಲೆ ಡಿಸೆಂಬರ್‌ನಲ್ಲಿ ಒಂದು ಕೋಣೆ ಮುಚ್ಚಿ, ಮೂರೇ ಕೊಡುವುದು ಅಂತ ಮಾಡಿದೆವು. ಲೆಕ್ಕದಲ್ಲಿ ನಷ್ಟ ಕಂಡರೂ ಮನೆಯವರಿಗೆ ನಿದ್ದೆ ಬಂತು.

ಮಕಡಾಮಿಯಾ ಬೇರೆ ತರಹ. ಅದು ಆಸ್ಟ್ರೇಲಿಯಾದ ಮರ, ಈಗ ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶಗಳ ಸಾಲಿನಲ್ಲಿ ದಕ್ಷಿಣ ಆಫ್ರಿಕಾ ಮುಂದಿದೆ. ಮಾರ್ಚ್‌ನಿಂದ ಕಾಯಿ ಬೀಳುತ್ತದೆ. ನೆಲದಿಂದ ಆಯ್ದು, ಹಸಿರು ಸಿಪ್ಪೆಯನ್ನು 24 ಗಂಟೆಯೊಳಗೆ ತೆಗೆಯಬೇಕು, ರಾಶಿ ಬಿಟ್ಟರೆ ಒಳಗೇ ಬಿಸಿಯಾಗಿ ತಿರುಳು ಹಾಳು. ಆಮೇಲೆ ತೊಟ್ಟಿಯಲ್ಲಿ ಗಾಳಿ ಹಾಯಿಸಿ ಒಣಗಿಸುವುದು. ಚಳಿಗಾಲದ ಸಂಜೆ ಶೆಡ್‌ನಲ್ಲಿ ಬೆಂಕಿ ಹಾಕಿ, ಮೇಜಿಗೆ ಬೋಲ್ಟ್ ಮಾಡಿದ ಒಡೆಯುವ ಯಂತ್ರ ಇಟ್ಟು ಕೂರುತ್ತೇವೆ. ಒಡೆದ ಚಿಪ್ಪು ಅದೇ ಬೆಂಕಿಗೆ. ಮೇಲೆ ಅಚಾರ್, ಬಿಸಿ ಪಾಪ್, ಮೊರೊಗೊ ಸೊಪ್ಪಿನ ಪಲ್ಯ. ಪಾಪ್ ತಿನ್ನುವ ರೀತಿಯೂ ನಮ್ಮ ಮುದ್ದೆಯದ್ದೇ. ಒಂದೊಂದು ಸಲ ನಾನು ಅಕ್ಕಿ ರೊಟ್ಟಿ ತಟ್ಟುತ್ತೇನೆ, ಬೆಣ್ಣೆಹಣ್ಣಿಗೆ ಹಸಿಮೆಣಸು, ಉಪ್ಪು, ನಿಂಬೆ ಹಾಕಿ ಅರೆದ ಚಟ್ನಿ ಜೊತೆಗೆ. ಜೂನ್, ಜುಲೈ ಒಣ ಕಾಲ, ಕ್ರೂಗರ್‌ನಲ್ಲಿ ಹುಲ್ಲು ಕಡಿಮೆಯಾಗಿ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ, ಮಲೇರಿಯಾ ಭಯವೂ ಕಡಿಮೆ. ಹಾಗಾಗಿ ಒಂದು ದಿನ ತೋಟ, ಒಂದು ದಿನ ಮೊಜಾಜಿಯ ಕಡೆ, ಆಮೇಲೆ ಕ್ರೂಗರ್ ಅಂತ ನಾವೇ ಜೋಡಿಸಿ ಹೇಳುತ್ತೇವೆ.

ಮೊಜಾಜಿ ಅಂದರೆ ಬಾಲೊಬೆಡು ಜನರ ಮಳೆರಾಣಿಯ ಮನೆತನ. ಮಳೆ ತರಿಸುವ ಶಕ್ತಿ ಇದೆ ಅಂತ ಸುತ್ತಿನ ರಾಜ್ಯಗಳೆಲ್ಲ ನಡೆದುಕೊಳ್ಳುತ್ತಿದ್ದ ರಾಣಿಯರು. ಅವರು ಕಾಪಾಡಿಕೊಂಡು ಬಂದ ಸೈಕಾಡ್ ಕಾಡು ಈಗಲೂ ಇದೆ, ತೆಂಗಿನ ಹಾಗೆ ಕಾಣುವ ಆದರೆ ತೆಂಗಿಗಿಂತ ಎಷ್ಟೋ ಹಳೆಯ ಕುಲದ ಮರಗಳು. ಅಲ್ಲಿಗೆ ಅತಿಥಿಗಳನ್ನು ನಾವು ಕರೆದುಕೊಂಡು ಹೋಗುವುದಿಲ್ಲ. ಅಲ್ಲಿನ ಹಳ್ಳಿಯವರೇ ದಾರಿ ತೋರಿಸುತ್ತಾರೆ, ದುಡ್ಡೂ ಅವರಿಗೇ ನೇರವಾಗಿ. ಎಲ್ಲವನ್ನೂ ನಾವೇ ಮಾಡಿ ನಾವೇ ಇಟ್ಟುಕೊಳ್ಳುವುದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ತೋಟದ ನಡಿಗೆಯ ವಿಷಯವೂ ಹಾಗೇ. ಮೊದಲು ನಮ್ಮವರು ಕರೆದುಕೊಂಡು ಹೋಗುತ್ತಿದ್ದರು. ಈಗ ಇಪ್ಪತ್ತು ವರ್ಷದಿಂದ ನಮ್ಮಲ್ಲಿರುವ ಹಿರಿಯ ಹೆಂಗಸೊಬ್ಬರು ಕರೆದುಕೊಂಡು ಹೋಗುತ್ತಾರೆ. ಸೆಪೆಡಿ ಮಾತಿನಲ್ಲಿ ತಾಯಂದಿರನ್ನು ಮಗುವಿನ ಹೆಸರು ಹಿಡಿದು ಇಂಥವರ ಅಮ್ಮ ಅಂತ ಕರೆಯುವ ರೂಢಿ ಇದೆ, ನಾವೂ ಅವರನ್ನು ಹಾಗೇ ಕರೆಯುತ್ತೇವೆ. ಯಾವ ಮರ ಯಾವ ವರ್ಷ ಕಸಿ ಮಾಡಿದ್ದು, ಯಾವುದಕ್ಕೆ ಬೇರು ಕೊಳೆ ಬಂದಿತ್ತು, ಎಲ್ಲ ಅವರಿಗೆ ಬಾಯಿಪಾಠ. ಬೆಣ್ಣೆಹಣ್ಣಿನ ಬೇರು ಕೊಳೆಗೆ ಕಾರಣ ಫೈಟಾಫ್ತೊರಾ ಅನ್ನುವ, ಶಿಲೀಂಧ್ರದ ಹಾಗಿರುವ ಸೂಕ್ಷ್ಮಜೀವಿ. ನಮ್ಮ ಅಡಿಕೆಯ ಕೊಳೆರೋಗ ತರುವುದೂ ಅದೇ ಕುಲದ್ದು. ಕಾಂಡಕ್ಕೆ ಸಿರಿಂಜ್‌ನಲ್ಲಿ ಔಷಧಿ ಕೊಡುವುದನ್ನು ಅವರು ತೋರಿಸುವಾಗ ಜನ ಬಾಯಿ ಬಿಟ್ಟು ನೋಡುತ್ತಾರೆ. ನಡಿಗೆಯ ದುಡ್ಡಿನಲ್ಲಿ ಅರ್ಧ ಅವರದ್ದು, ಸಂಬಳದ ಮೇಲೆ.

ಅವರು ನೆಲದ ಕಥೆಯನ್ನೂ ಹೇಳುತ್ತಾರೆ. ಈ ಘಟ್ಟಕ್ಕೆ ಹೆಸರು ಬಂದದ್ದು ಮಖೋಬಾ ಅನ್ನುವ ದೊರೆಯಿಂದ. ತನ್ನ ಜನರ ನೆಲ ಬಿಡಲ್ಲ ಅಂತ ಟ್ರಾನ್ಸ್‌ವಾಲ್ ಸರ್ಕಾರದ ವಿರುದ್ಧ ನಿಂತವನು, 1895ರಲ್ಲಿ ಅವನನ್ನು ಕೊಂದರು. ಅತಿಥಿಗಳಲ್ಲಿ ಕೆಲವರು, ರಜೆಗೆ ಬಂದಲ್ಲಿ ಇದೆಲ್ಲ ಯಾಕೆ ಅಂದದ್ದೂ ಉಂಟು. ಮಾವನವರು ಒಪ್ಪಲಿಲ್ಲ. ನಮಗೂ ನೂರು ವರ್ಷ ಭೂಮಿ ಕೊಡದೆ ಇಟ್ಟಿದ್ದರು, ಅವರಿಂದಂತೂ ಇದ್ದದ್ದನ್ನೇ ಕಿತ್ತುಕೊಂಡರು, ಆ ಮಾತು ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು ಅಂದರು. ಹಾಗಾಗಿ ಅದು ನಡಿಗೆಯಲ್ಲಿ ಉಳಿದಿದೆ.

ಫೋಟೊದ ಕಥೆ ಹೇಳಲೇಬೇಕು. ಮೊದಲ ವರ್ಷಗಳಲ್ಲಿ ಜನ ಕೊಯ್ಲಿನವರ ಮುಖಕ್ಕೆ ಕ್ಯಾಮೆರಾ ಹಿಡಿದುಬಿಡುತ್ತಿದ್ದರು. ಒಂದು ದಿನ ಏಣಿಯ ಮೇಲಿದ್ದ ಹುಡುಗಿ ಮುಖಕ್ಕೆ ಟವಲ್ ಮುಚ್ಚಿಕೊಂಡು ಇಳಿದು ಹೋದಳು. ಮರುದಿನ ಕೆಲಸಕ್ಕೆ ಬರಲಿಲ್ಲ. ನಾನು ಅವಳ ಮನೆಗೆ ಹೋದೆ. ನಾನೇನು ಮೃಗಾಲಯದ ಪ್ರಾಣಿಯಾ ಅಂತ ಕೇಳಿದಳು. ನನಗೆ ಮಾತು ಹೊರಡಲಿಲ್ಲ, ಕ್ಷಮೆ ಕೇಳಿ ಬಂದೆ. ಅವತ್ತಿನಿಂದ ನಿಯಮ ಮಾಡಿದೆವು. ಮೊದಲು ಹೋಗಿ ಹಿರಿಯರಿಗೆ ತೊಬೆಲಾ ಅಂತ ನಮಸ್ಕಾರ ಹೇಳಬೇಕು, ಹೆಸರು ಕೇಳಬೇಕು, ನಿಮ್ಮ ಹೆಸರು ಹೇಳಬೇಕು, ಆಮೇಲೆ ಅವರು ಹೂಂ ಅಂದರೆ ಮಾತ್ರ ಫೋಟೊ. ಇದಕ್ಕೆ ಮುನಿಸಿಕೊಂಡವರು ಒಬ್ಬಿಬ್ಬರು ಅಷ್ಟೇ. ಬಹಳ ಜನ ಫೋಟೊ ಮರೆತು ಮಾತಿಗೆ ಕೂರುತ್ತಾರೆ. ಆ ಹುಡುಗಿ ಈಗ ಅಂಗಡಿ ನೋಡಿಕೊಳ್ಳುತ್ತಾಳೆ.

ಇನ್ನು ಕೆಲವು ಕಡ್ಡಾಯ ವಿಷಯಗಳು, ತಮ್ಮನಿಗೆ ಫೋನಿನಲ್ಲಿ ಹೇಳಿದ ಹಾಗೇ ಹೇಳಿಬಿಡುತ್ತೇನೆ. ಔಷಧಿ ಹೊಡೆದ ಸಾಲಿನ ಎರಡೂ ತುದಿಗೆ ಕೆಂಪು ಬಾವುಟ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಗಿಯುವ ತನಕ ಅತಿಥಿ ಇರಲಿ, ನಮ್ಮ ಮಕ್ಕಳೇ ಇರಲಿ, ಕಾಲಿಡುವ ಹಾಗಿಲ್ಲ. ಕೋಣೆಯ ಪಕ್ಕದ ಮೂರು ಸಾಲಿಗೆ ಔಷಧಿ ಹೊಡೆಯುವುದನ್ನೇ ನಿಲ್ಲಿಸಿದ್ದೇವೆ, ಅಲ್ಲಿ ಇಳುವರಿ ಕಡಿಮೆ, ಪರವಾಗಿಲ್ಲ. ತೋಟದ ಬಾಗಿಲಲ್ಲಿ ಬೂಟು ತೊಳೆಯುವ ತೊಟ್ಟಿ ಇದೆ, ಬೇರು ಕೊಳೆ ಮಣ್ಣಿನ ಜೊತೆ ಬರುತ್ತದೆ, ಹಾಗಾಗಿ ಬೇರೆ ತೋಟ ಸುತ್ತಿ ಬಂದವರು ತೊಳೆಯದೆ ಒಳಗೆ ಬರುವ ಹಾಗಿಲ್ಲ. ತೋಟದ ಕೆರೆಯಲ್ಲಿ ಈಜು ಇಲ್ಲ. ಈ ಕಡೆಯ ನಿಂತ ನೀರಿನಲ್ಲಿ ಬಿಲ್‌ಹಾರ್ಜಿಯಾ ಅನ್ನುವ ಹುಳುವಿನ ರೋಗ ಇದೆ, ಬಸವನಹುಳುವಿನಿಂದ ನೀರಿಗೆ, ನೀರಿನಿಂದ ಚರ್ಮದ ಮೂಲಕ ಮೈಗೆ. ಅದು ಗೊತ್ತಾದ ಮೇಲೆ ಆ ಈಜುಕೊಳದ ಬಗ್ಗೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು, ಸೆಕೆಯಲ್ಲಿ ಮಕ್ಕಳಿಗೆ ಎಲ್ಲಾದರೂ ನೀರು ಬೇಕಲ್ವಾ. ನಾಯಿ ತರುವವರಿಗೆ ಮಕಡಾಮಿಯಾ ಕಾಲದಲ್ಲಿ ಬೇಡ ಅನ್ನುತ್ತೇವೆ. ಆ ಬೀಜ ನಾಯಿಗೆ ವಿಷ, ನಾಲ್ಕು ತಿಂದರೂ ಹಿಂಗಾಲು ಬಲ ಕಳೆದುಕೊಂಡು ನಡುಗುತ್ತದೆ. ಒಂದು ಸಲ ಅತಿಥಿಯೊಬ್ಬರ ನಾಯಿಗೆ ಹಾಗಾಗಿ ರಾತ್ರಿ ಎರಡು ಗಂಟೆಗೆ ಪಶುವೈದ್ಯರ ಮನೆ ಬಾಗಿಲು ತಟ್ಟಿದ್ದೆವು. ಬದುಕಿತು. ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಇಲ್ಲದೆ ಒಬ್ಬರನ್ನೂ ಏಣಿ ಹತ್ತಿಸಬೇಡಿ. ಕೃಷಿ ಜಮೀನಿನಲ್ಲಿ ಕೋಣೆ ಬಾಡಿಗೆಗೆ ಕೊಡಲು ಪುರಸಭೆಯ ಒಪ್ಪಿಗೆ ಬೇಕು, ಅದಕ್ಕೆ ತುಂಬ ಕಾಲ ಹಿಡಿಯುತ್ತದೆ, ಕಟ್ಟಡಕ್ಕೆ ಕೈ ಹಾಕುವ ಮೊದಲೇ ಅರ್ಜಿ ಹಾಕಿ.

ಮದುವೆ ಮಾಡಲು ಜಾಗ ಕೊಡಿ ಅಂತಲೂ ಕೇಳುತ್ತಾರೆ. ಒಂದು ಸಲ ಕೊಟ್ಟೆವು. ಒಳ್ಳೆಯ ದುಡ್ಡು. ಆದರೆ ರಾತ್ರಿಯಿಡೀ ಹಾಡು, ಬೆಳಗ್ಗೆ ಐದಕ್ಕೆ ಏಳಬೇಕಾದ ಕೊಯ್ಲಿನವರಿಗೆ ನಿದ್ದೆ ಇಲ್ಲ, ಸಾಲಿನ ನಡುವೆ ಗಾಜಿನ ಚೂರು ಆಯುವುದೇ ಒಂದು ವಾರದ ಕೆಲಸ. ಮತ್ತೆ ಕೊಡಲಿಲ್ಲ.

2020ರ ಮಾರ್ಚ್ 27ಕ್ಕೆ ಲಾಕ್‌ಡೌನ್ ಶುರುವಾಯಿತು. ಬುಕಿಂಗ್ ಎಲ್ಲ ಒಂದೇ ವಾರದಲ್ಲಿ ಅಳಿಸಿದೆ. ಆದರೆ ಆಹಾರ ಬೆಳೆಯುವುದು ನಿಲ್ಲಿಸುವ ಹಾಗಿರಲಿಲ್ಲ, ಫ್ಯೂರ್ಟೆ ತಳಿಯ ಬೆಣ್ಣೆಹಣ್ಣು ಆಗಲೇ ಕೊಯ್ಲಿಗೆ ಬಂದಿತ್ತು. ಕೋಣೆಯ ಕೆಲಸದ ನಾಲ್ವರನ್ನೂ ತೋಟಕ್ಕೆ ಹಾಕಿದೆವು, ಯಾರನ್ನೂ ಮನೆಗೆ ಕಳಿಸಲಿಲ್ಲ. ಬರೀ ಹೋಟೆಲ್ ಇದ್ದವರ ಪಾಡು ನೋಡಿ ಸಂಕಟವಾಗುತ್ತಿತ್ತು. ಆಗಸ್ಟ್‌ನಲ್ಲಿ ಪ್ರಾಂತ್ಯದೊಳಗಿನ ಜನ ಓಡಾಡಲು ಶುರು ಮಾಡಿದಾಗ ಮೊದಲು ಬಂದವರು ಪೊಲೊಕ್ವಾನೆಯ ಸಂಸಾರಗಳು, ಶಿಕ್ಷಕರು, ನರ್ಸುಗಳು. ಅಷ್ಟು ವರ್ಷ ನಾವು ವಿದೇಶದವರಿಗೆ, ಜೊಹಾನೆಸ್‌ಬರ್ಗ್‌ನವರಿಗೆ ಮಾತ್ರ ಹೇಳುತ್ತಿದ್ದೆವು, ನೂರು ಕಿಲೋಮೀಟರ್ ಆಚೆ ಇರುವವರನ್ನು ಕರೆದೇ ಇರಲಿಲ್ಲ. ಈಗ ಅವರೇ ನಮ್ಮ ಅರ್ಧ ಅತಿಥಿಗಳು.

ಅದರ ಉಲ್ಟಾ 2022-23ರಲ್ಲಿ ಆಯಿತು. ಮಕಡಾಮಿಯಾ ಬೆಲೆ ಬಿತ್ತು, ನಮಗೆ ಹಿಂದಿನ ಬೆಲೆಯ ಅರ್ಧವೂ ಸಿಗಲಿಲ್ಲ. ಅದೇ ಹೊತ್ತಿಗೆ ದಿನಕ್ಕೆ ಎಷ್ಟೋ ಗಂಟೆ ಕರೆಂಟ್ ಇಲ್ಲ, ಒಣಗಿಸುವ ಬ್ಲೋವರ್‌ಗೆ ಡೀಸೆಲ್ ಸುರಿಯಬೇಕು. ಆ ವರ್ಷ ಗೊಬ್ಬರದ ಬಿಲ್ಲು ಕಟ್ಟಿದ್ದು ಕೋಣೆಯ ದುಡ್ಡಿನಿಂದ, ಸೋಲಾರ್ ಹಾಕಿಸಿದ್ದೂ ಅದರಿಂದಲೇ. ಒಂದು ವರ್ಷ ಮರ ಕೋಣೆಯನ್ನು ಸಾಕಿತು, ಇನ್ನೊಂದು ವರ್ಷ ಕೋಣೆ ಮರವನ್ನು ಸಾಕಿತು. ಮಾವನವರು ಆ ಲೆಕ್ಕದ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಕಡಿದ ಮೂವತ್ತು ಮರದ ಲೆಕ್ಕ ಇವತ್ತು ಸರಿಹೋಯಿತು ಅಂದರು.

ಈಗ ಮನೆಯಲ್ಲಿ ಹೊಸ ಚರ್ಚೆ ನಡೆಯುತ್ತಿದೆ. ಮೈದುನನಿಗೆ ಮಕಡಾಮಿಯಾ ಸಾಲುಗಳ ಪಕ್ಕ ಎರಡು ಟೆಂಟ್ ಹಾಕುವ ಆಸೆ. ಜಾಗ ಚೆನ್ನಾಗಿದೆ, ಅಲ್ಲಿಂದ ವೋಲ್ಕ್‌ಬರ್ಗ್ ಬೆಟ್ಟದ ಸಾಲು ಪೂರ್ತಿ ಕಾಣುತ್ತದೆ. ನಾನು ಬೇಡ ಅನ್ನುತ್ತಿದ್ದೇನೆ. ಆಗಸ್ಟ್ ಕೊನೆಗೆ ಹೂ ಬರುವಾಗ ಜೇನುಪೆಟ್ಟಿಗೆ ಇಡುವುದು ಅಲ್ಲೇ, ಜನ ಮಲಗಿದರೆ ಪೆಟ್ಟಿಗೆಯನ್ನು ದೂರ ಒಯ್ಯಬೇಕಾಗುತ್ತದೆ, ಹಾಗೆ ಮಾಡಿದರೆ ಆ ಸಾಲಿಗೆ ಕಾಯಿ ಕಚ್ಚುವುದು ಕಡಿಮೆ. ಅವನು ಹೂವಿನ ಆರು ವಾರ ಟೆಂಟ್ ಮುಚ್ಚೋಣ ಅತ್ತಿಗೆ, ಮಿಕ್ಕ ತಿಂಗಳು ಕೊಡೋಣ ಅನ್ನುತ್ತಾನೆ. ಅದು ಆಗಬಹುದೇನೋ. ಈ ಸಲ ಜೇನು ಬಂದಾಗ ಅವನೇ ಅಲ್ಲಿ ಎರಡು ರಾತ್ರಿ ಮಲಗಿ ನೋಡಲಿ ಅಂತ ಹೇಳಿದ್ದೇನೆ. ಚಾಪೆ, ಸೊಳ್ಳೆಪರದೆ ತೆಗೆದಿಟ್ಟಿದ್ದಾನೆ.